ಬೆಕ್ಕಿನ ಬಾಯಿಂದ ಬಿಡಿಸಿದ ಹಕ್ಕಿ: ಮೊದಲ ನಿಮಿಷದಿಂದ ಮತ್ತೆ ಹಾರಿಬಿಡುವವರೆಗೆ

ಬೆಕ್ಕಿನಿಂದ ಬಿಡಿಸಿದ ಗುಬ್ಬಚ್ಚಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ರಕ್ತ ಕಾಣಲಿಲ್ಲ, ರೆಕ್ಕೆ ನೆಟ್ಟಗಿದೆ ಎಂದು ಸಮಾಧಾನಪಟ್ಟು ಕಾಂಪೌಂಡಿನ ಮೇಲೆ ಬಿಟ್ಟುಬಿಡುವವರೇ ಹೆಚ್ಚು. ಅದು ಹಾರಿಯೂ ಹೋಗುತ್ತದೆ. ಆದರೆ ಎರಡು ಮೂರು ದಿನದೊಳಗೆ ಎಲ್ಲೋ ಪೊದೆಯಡಿ ಸತ್ತು ಬಿದ್ದಿರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಚೂಪು. ಅದು ಮಾಡಿದ ತೂತು ಒಂದು ಚುಕ್ಕೆಯಷ್ಟಿದ್ದು, ಹಲ್ಲು ಹೊರಬಂದ ಕೂಡಲೇ ಚರ್ಮ ಮುಚ್ಚಿಕೊಳ್ಳುತ್ತದೆ, ಮೇಲೆ ಪುಕ್ಕ ಕೂರುತ್ತದೆ. ಬೆಕ್ಕಿನ ಜೊಲ್ಲಿನಲ್ಲಿ ಪ್ಯಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬೆಕ್ಕಿಗೆ ಅದರಿಂದ ತೊಂದರೆಯಿಲ್ಲ, ಹಕ್ಕಿಗೆ ಮಾತ್ರ ನಂಜು. ಆ ಪುಟ್ಟ ತೂತಿನಿಂದ ಒಳಹೊಕ್ಕು ರಕ್ತ ಸೇರಿದರೆ 24ರಿಂದ 72 ಗಂಟೆಯೊಳಗೆ ಹಕ್ಕಿ ಸಾಯುತ್ತದೆ. ಬೆಕ್ಕು ತನ್ನ ಪಂಜವನ್ನು ನೆಕ್ಕುತ್ತಲೇ ಇರುವುದರಿಂದ ಉಗುರಿನ ಗೀರೂ ಸುರಕ್ಷಿತವಲ್ಲ.

ಹಾಗಾಗಿ ಬೆಕ್ಕು ಬಾಯಿ ಹಾಕಿದ ಪ್ರತಿಯೊಂದು ಹಕ್ಕಿಗೂ, ಗಾಯ ಕಂಡರೂ ಕಾಣದಿದ್ದರೂ, ಪಶುವೈದ್ಯರು ಕೊಡುವ ಆಂಟಿಬಯೋಟಿಕ್ ಬೇಕು. ಅದೂ ಅದೇ ದಿನ, ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ. ನೀವು ಮನೆಯಲ್ಲಿ ಮಾಡುವುದೆಲ್ಲ ಆ ಮದ್ದು ಬೀಳುವವರೆಗೆ ಹಕ್ಕಿಯ ಜೀವ ಹಿಡಿದಿಡುವ ಕೆಲಸ.

ಬಿಡಿಸುವಾಗ ಎಳೆಯಬೇಡಿ

ಬೆಕ್ಕು ಹಕ್ಕಿಯನ್ನು ಕಚ್ಚಿಕೊಂಡು ಮಂಚದಡಿ ಸೇರಿದಾಗ ಹಕ್ಕಿಯ ಬಾಲವನ್ನೋ ರೆಕ್ಕೆಯನ್ನೋ ಹಿಡಿದು ಎಳೆಯುವುದು ಮೊದಲ ತಪ್ಪು. ಬೆಕ್ಕು ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ, ಹಕ್ಕಿಯ ಚರ್ಮ ಕಾಗದದಂತೆ ಹರಿಯುತ್ತದೆ. ಕಿರುಚಿ ಅಟ್ಟಿಸಿಕೊಂಡು ಹೋದರೆ ಬೆಕ್ಕು ಹಕ್ಕಿಯನ್ನು ಹೊತ್ತುಕೊಂಡೇ ಓಡುತ್ತದೆ. ಬಾಗಿಲು ಮುಚ್ಚಿ, ಬೆಕ್ಕಿನ ತಿಂಡಿ ಡಬ್ಬ ಅಲ್ಲಾಡಿಸಿ ಅಥವಾ ಒಂದು ಚೂರು ಮೀನು ಮುಂದಿಡಿ. ಎಷ್ಟೋ ಬೆಕ್ಕುಗಳು ಅಷ್ಟಕ್ಕೇ ಬಾಯಿ ಬಿಡುತ್ತವೆ. ಬಗ್ಗದಿದ್ದರೆ ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಹಿಡಿದು ನೆಲಕ್ಕೆ ಒತ್ತಿ, ಅಲುಗಾಡದಂತೆ ನಿಲ್ಲಿಸಿ. ಕೆಲವು ಕ್ಷಣದಲ್ಲಿ ಹಿಡಿತ ಸಡಿಲಿಸುತ್ತದೆ. ಹಕ್ಕಿ ಬಿದ್ದ ತಕ್ಷಣ ಅದರ ಮೇಲೆ ಟವೆಲ್ ಹಾಕಿ, ಬೆಕ್ಕನ್ನು ಬೇರೆ ಕೋಣೆಗೆ ಕಳಿಸಿ ಬಾಗಿಲು ಹಾಕಿ. ಬೆಕ್ಕಿಗೆ ಹೊಡೆಯುವುದರಿಂದ ಏನೂ ಆಗುವುದಿಲ್ಲ. ಅದು ಮಾಡಿದ್ದು ಬೆಕ್ಕಿನ ಕೆಲಸ.

ಈ ಗಲಾಟೆಯಲ್ಲಿ ಬೆಕ್ಕು ನಿಮ್ಮನ್ನೇ ಕಚ್ಚಿದರೆ ಅಥವಾ ಪರಚಿದರೆ, ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಅದೇ ದಿನ ವೈದ್ಯರನ್ನು ಕೇಳಿ. ಹಕ್ಕಿಯಿಂದ ರೇಬೀಸ್ ಬರುವುದಿಲ್ಲ, ಬೆಕ್ಕಿನಿಂದ ಬರಬಹುದು.

ಕೈಯಲ್ಲಿ ಹಿಡಿಯುವ ಬಗೆ

ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರೆಳೆಯುವ ಸ್ನಾಯು, ಇಲ್ಲ. ಎದೆಗೂಡು ಹಿಂದೆ ಮುಂದೆ ಆಡಿದರೆ ಮಾತ್ರ ಗಾಳಿ ಒಳಹೋಗುತ್ತದೆ. ಮುಷ್ಟಿಯಲ್ಲಿ ಬಿಗಿಹಿಡಿದರೆ ಮೂಗು ಬಾಯಿ ತೆರೆದಿದ್ದರೂ ಉಸಿರುಕಟ್ಟಿ ಸಾಯುತ್ತದೆ. ಮಕ್ಕಳ ಕೈಗೆ ಕೊಡಬಾರದು ಎನ್ನುವುದು ಇದಕ್ಕೇ.

ಗುಬ್ಬಿ, ಪಿಕಳಾರ, ಮಡಿವಾಳದಂಥ ಚಿಕ್ಕ ಹಕ್ಕಿಯ ಬೆನ್ನು ನಿಮ್ಮ ಅಂಗೈಗೆ ತಾಗಲಿ, ಕುತ್ತಿಗೆ ತೋರುಬೆರಳು ಮತ್ತು ನಡುಬೆರಳಿನ ನಡುವೆ ಸಡಿಲವಾಗಿ ಇರಲಿ, ಉಳಿದ ಬೆರಳುಗಳು ರೆಕ್ಕೆಯ ಮೇಲೆ ಪಂಜರದಂತೆ ಬಾಗಿರಲಿ. ಪಾರಿವಾಳ, ಬೆಳವ, ಗೊರವಂಕದಂಥವನ್ನು ತೆಳು ಹತ್ತಿಬಟ್ಟೆ ಹೊದಿಸಿ, ಎರಡೂ ಕೈಯಿಂದ ರೆಕ್ಕೆ ಮಡಚಿದ ಹಾಗೇ ಎತ್ತಿ. ಗಿಳಿ ಬೆರಳು ಸೀಳುವಂತೆ ಕಚ್ಚುತ್ತದೆ, ದಪ್ಪ ಟವೆಲ್ ಬೇಕು. ಬಿಜ್ಜು ಎಂಬ ಚಿಕ್ಕ ಗಿಡುಗ, ಗೂಬೆಗಳಿಗೆ ಕೊಕ್ಕಿಗಿಂತ ಕಾಲುಗುರೇ ಆಯುಧ. ಕೊಳದ ಬಕ ಸಿಕ್ಕಿದ್ದರೆ ನಿಮ್ಮ ಮುಖವನ್ನು ದೂರ ಇಡಿ, ಅದು ನೇರ ಕಣ್ಣಿಗೇ ಕುಕ್ಕುತ್ತದೆ.

ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಇದ್ದರೆ ಒಳ್ಳೆಯದು. ಪಾರಿವಾಳ, ಗಿಳಿಗಳ ಒಣ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ಶ್ವಾಸಕೋಶದ ಸೋಂಕು ಬರಬಹುದು. ಒಂದೇ ಜಾಗದಲ್ಲಿ ಹಲವು ಹಕ್ಕಿಗಳು ಸತ್ತು ಬಿದ್ದಿದ್ದು, ಅವುಗಳಲ್ಲೊಂದನ್ನು ಬೆಕ್ಕು ತಂದಿದ್ದರೆ ಮುಟ್ಟಲೇಬೇಡಿ. ಅದು ಹಕ್ಕಿಜ್ವರ ಆಗಿರಬಹುದು, ಬೆಕ್ಕಿಗೂ ತಗಲುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಡಬ್ಬ, ಕತ್ತಲು, ಕಾವು

ಇದರಷ್ಟು ಜೀವ ಉಳಿಸುವ ಕೆಲಸ ಮನೆಯಲ್ಲಿ ಬೇರೊಂದಿಲ್ಲ. ಗಾಯಕ್ಕಿಂತ ಮೊದಲು ಹಕ್ಕಿಯನ್ನು ಕೊಲ್ಲುವುದು ಆಘಾತ. ಹಕ್ಕಿಯ ಮೈಬಿಸಿ ಸಹಜವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್. ಆಘಾತಕ್ಕೊಳಗಾದ ಹಕ್ಕಿಗೆ ಆ ಕಾವನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ನಾವು ಸುತ್ತ ನಿಂತು ಫೋಟೋ ತೆಗೆಯುವುದು, ತಲೆ ಸವರುವುದು ಅದಕ್ಕೆ ಸಮಾಧಾನವಲ್ಲ. ಇನ್ನೊಂದು ಬೇಟೆಪ್ರಾಣಿಯ ಕೈಗೆ ಸಿಕ್ಕಿದೆನೆಂದೇ ಅದರ ಲೆಕ್ಕ. ಸುಮ್ಮನೆ ಕೂತಿದೆ, ಪಳಗಿದೆ ಎಂದು ಕಾಣುವ ಕಾಡುಹಕ್ಕಿ ಹೆದರಿಕೆಯಿಂದ ಮರಗಟ್ಟಿರುತ್ತದೆ.

ಮುಚ್ಚಳವಿರುವ ರಟ್ಟಿನ ಡಬ್ಬ ತೆಗೆದುಕೊಳ್ಳಿ. ಗುಬ್ಬಿಯಷ್ಟು ಹಕ್ಕಿಗೆ ಶೂ ಡಬ್ಬ ಸಾಕು. ಪಾರಿವಾಳಕ್ಕೆ ಸುಮಾರು 30 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ್ದು ಬೇಕು. ತೀರಾ ದೊಡ್ಡ ಡಬ್ಬದಲ್ಲಿ ಹಕ್ಕಿ ರೆಕ್ಕೆ ಬಡಿದು ಗಾಯ ಹೆಚ್ಚಿಸಿಕೊಳ್ಳುತ್ತದೆ. ಹಕ್ಕಿಯನ್ನು ಒಳಗಿಡುವ ಮೊದಲೇ, ಮೇಲಂಚಿನ ಬಳಿ ಪೆನ್ಸಿಲ್ ದಪ್ಪದ ಎಂಟು ಹತ್ತು ತೂತುಗಳನ್ನು ಒಳಗಿನಿಂದ ಹೊರಕ್ಕೆ ಚುಚ್ಚಿ. ಹೊರಗಿನಿಂದ ಚುಚ್ಚಿದರೆ ಒರಟು ಅಂಚು ಒಳಗುಳಿದು ಕಣ್ಣಿಗೆ ತಾಗುತ್ತದೆ. ತಂತಿ ಪಂಜರ ಬೇಡವೇ ಬೇಡ, ತಂತಿಗೆ ಬಡಿದು ರೆಕ್ಕೆಯ ಗರಿಗಳು ಮುರಿದರೆ ಗಾಯ ವಾಸಿಯಾದರೂ ಹೊಸ ಗರಿ ಬರುವವರೆಗೆ ಹಾರಲಾಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಉಸಿರೇ ಆಡದು.

ತಳಕ್ಕೆ ಹಳೆಯ ಹತ್ತಿ ಬನಿಯನ್ ಅಥವಾ ಪಂಚೆಯ ತುಂಡು ಹಾಸಿ. ಕುಣಿಕೆ ಕುಣಿಕೆಯಾಗಿ ನೂಲೆದ್ದಿರುವ ಸ್ನಾನದ ಟವೆಲ್‌ನಲ್ಲಿ ಕಾಲುಗುರು ಸಿಕ್ಕಿಕೊಳ್ಳುತ್ತದೆ. ಹತ್ತಿ ಉಂಡೆ ಬೇಡ, ಎಳೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ನಿಲ್ಲಲಾಗದ ಹಕ್ಕಿಗೆ, ಕೊಡ ಹೊರುವವರು ತಲೆಗೆ ಇಟ್ಟುಕೊಳ್ಳುವ ಸಿಂಬೆಯಂತೆ ಬಟ್ಟೆ ಸುತ್ತಿ ನಡುವೆ ಕೂರಿಸಿ. ಎದೆ ಊರಿ ತಲೆ ಮೇಲಿದ್ದರೆ ಉಸಿರಾಟ ಸಲೀಸು. ಅಂಗಾತ ಅಥವಾ ಮಗ್ಗುಲಾಗಿ ಮಲಗಿಸಬೇಡಿ.

ಕಾವಿಗೆ ಅರ್ಧ ಲೀಟರಿನ ಬಾಟಲಿಯಲ್ಲಿ ಸ್ನಾನಕ್ಕೆ ಬಳಸುವಷ್ಟು ಬಿಸಿಯ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ ಡಬ್ಬದ ಒಂದು ಬದಿಗೆ ಇಡಿ. ಇನ್ನೊಂದು ಬದಿ ತಣ್ಣಗೇ ಇರಲಿ, ಸಾಕೆನಿಸಿದಾಗ ಹಕ್ಕಿ ತಾನೇ ಸರಿಯುತ್ತದೆ. ಒಳಗೆ ಸುಮಾರು 28ರಿಂದ 30 ಡಿಗ್ರಿ ಇದ್ದರೆ ಪುಕ್ಕ ಬಂದ ಹಕ್ಕಿಗೆ ಸಾಕು. ಸರಿಯಲಾಗದ ಹಕ್ಕಿಯಾದರೆ ಬಾಟಲಿ ಮೈಗೆ ಒತ್ತಿಕೊಂಡಿರಬಾರದು. ಎಲ್ಲರೂ ಮರೆಯುವ ಸಂಗತಿಯೆಂದರೆ ಒಂದೂವರೆ ಎರಡು ಗಂಟೆಗೆ ಬಾಟಲಿ ತಣ್ಣಗಾಗುತ್ತದೆ. ತಣ್ಣನೆಯ ಬಾಟಲಿ ಹಕ್ಕಿಯ ಮೈಬಿಸಿಯನ್ನೇ ಹೀರಿಕೊಳ್ಳುತ್ತದೆ, ಇಡದೇ ಇದ್ದಿದ್ದರೇ ವಾಸಿ. ಗಂಟೆಗೊಮ್ಮೆ ಬಾಟಲಿ ಮುಟ್ಟಿ ನೋಡಿ ನೀರು ಬದಲಿಸಿ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಬಾಟಲಿಯ ಅಗತ್ಯವೇ ಬೀಳದು, ಆಗ ತಂಪಾದ ಕೋಣೆ ಹುಡುಕಬೇಕು. ಕೊಕ್ಕು ತೆರೆದು ಏದುಸಿರು ಬಿಡುತ್ತ ರೆಕ್ಕೆಯನ್ನು ಮೈಯಿಂದ ದೂರ ಹಿಡಿದಿದ್ದರೆ ಸೆಕೆ ಹೆಚ್ಚಾಗಿದೆ, ಬಾಟಲಿ ತೆಗೆಯಿರಿ. ಬಾಟಲಿ ತೆಗೆದ ಮೇಲೂ ಬಾಯಿ ತೆರೆದೇ ಉಸಿರಾಡುತ್ತ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಉಸಿರಾಟದ ತೊಂದರೆ, ತಡಮಾಡುವಂತಿಲ್ಲ.

ಮುಚ್ಚಳ ಮುಚ್ಚಿ, ಟಿವಿ, ಫ್ಯಾನು, ಮಕ್ಕಳು, ನಾಯಿ ಯಾವುದೂ ಇಲ್ಲದ ಕೋಣೆಯಲ್ಲಿಡಿ. ಐದು ನಿಮಿಷಕ್ಕೊಮ್ಮೆ ಇಣುಕಬೇಡಿ. ಡಬ್ಬದ ಮೇಲೆ ಸಿಕ್ಕ ಜಾಗ, ಸಮಯ, ‘ಬೆಕ್ಕು ಹಿಡಿದದ್ದು’ ಎಂದು ಬರೆಯಿರಿ. ಈ ಚೀಟಿ ಮುಂದೆ ಎರಡು ಕಡೆ ಬೇಕಾಗುತ್ತದೆ.

ರಕ್ತ ಮತ್ತು ಗಾಯ

ಹಕ್ಕಿಯ ಮೈಯಲ್ಲಿರುವ ರಕ್ತ ಅದರ ತೂಕದ ಹತ್ತರಲ್ಲೊಂದು ಪಾಲಿನ ಆಸುಪಾಸು. 25 ಗ್ರಾಂ ತೂಗುವ ಗುಬ್ಬಚ್ಚಿಗೆ ಒಟ್ಟು ಎರಡೂವರೆ ಮಿಲಿಲೀಟರ್, ಅಂದರೆ ಅರ್ಧ ಟೀ ಚಮಚ. ಹತ್ತು ಹನ್ನೆರಡು ಹನಿ ಹೋದರೆ ಕಾಲುಭಾಗವೇ ಹೋದಂತೆ. ಆದ್ದರಿಂದ ರಕ್ತ ಸುರಿಯುತ್ತಿದ್ದರೆ ಮಾತ್ರ ಡಬ್ಬಕ್ಕೆ ಮೊದಲೇ ಕೈಹಾಕಬೇಕು. ಶುಭ್ರ ಬಟ್ಟೆಯ ತುದಿಯಿಂದ ಆ ಜಾಗವನ್ನಷ್ಟೇ ಎರಡು ಮೂರು ನಿಮಿಷ, ನಡುವೆ ತೆಗೆದು ನೋಡದೆ, ಹಗುರವಾಗಿ ಒತ್ತಿ ಹಿಡಿಯಿರಿ. ಎದೆಯನ್ನು ಒತ್ತಬೇಡಿ. ಒಣಗಿ ಅಂಟಿದ ರಕ್ತವನ್ನು ಕೀಳಬೇಡಿ, ಮತ್ತೆ ಸುರಿಯುತ್ತದೆ.

ರಕ್ತ ನಿಂತಿದ್ದರೆ ಗಾಯ ತೊಳೆಯುವ ಗೋಜು ಬೇಡ. ಹಕ್ಕಿಯನ್ನು ಒದ್ದೆ ಮಾಡಿದರೆ ಮೈ ತಣ್ಣಗಾಗುತ್ತದೆ, ಹೆಚ್ಚು ಹೊತ್ತು ಹಿಡಿದರೆ ಗಾಬರಿಗೇ ಸಾಯಬಹುದು. ಕರುಳು ಅಥವಾ ಮಾಂಸ ಹೊರಗೆ ಕಾಣುತ್ತಿದ್ದರೆ ಮಾತ್ರ ಸಲೈನ್‌ನಲ್ಲಿ ನೆನೆಸಿದ ಗಾಜ್ (ಗಾಯಕ್ಕೆ ಹಾಕುವ ತೆಳು ಬಟ್ಟೆ) ಮುಚ್ಚಿ ತಕ್ಷಣ ಹೊರಡಿ. ಮೆಡಿಕಲ್ ಶಾಪಿನ ಸಲೈನ್ ಇಲ್ಲದಿದ್ದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು ಕದಡಿದರೆ ಆಯಿತು. ಚರ್ಮದಡಿ ಗಾಳಿ ತುಂಬಿ ಬಲೂನಿನಂತೆ ಉಬ್ಬಿದ್ದರೆ ಒಳಗಿನ ಗಾಳಿಚೀಲ ಹರಿದಿದೆ ಎಂದರ್ಥ. ಸೂಜಿ ಚುಚ್ಚಬೇಡಿ, ವೈದ್ಯರಿಗೆ ತೋರಿಸಿ. ಗಾಯದ ಸುತ್ತ ರವೆಕಾಳಿನಂಥ ಬಿಳಿ ಕಣಗಳು ಕಂಡರೆ ಅವು ನೊಣದ ಮೊಟ್ಟೆ. ಹಕ್ಕಿ ಸಾಕಷ್ಟು ಹೊತ್ತು ಬಿದ್ದಿತ್ತು ಎನ್ನುವುದಕ್ಕೆ ಗುರುತು ಅದು, ವೈದ್ಯರಿಗೆ ಇದನ್ನೂ ಹೇಳಿ.

ರೆಕ್ಕೆ ಜೋತುಬಿದ್ದಿದ್ದರೆ ಕಡ್ಡಿ ಕಟ್ಟಲು, ಬ್ಯಾಂಡೇಜ್ ಸುತ್ತಲು ಹೋಗಬೇಡಿ. ಸುತ್ತು ಬಿಗಿಯಾದರೆ ಉಸಿರು ನಿಲ್ಲುತ್ತದೆ, ತಪ್ಪಿದರೆ ಮುರಿದ ಮೂಳೆಯ ತುದಿ ಚರ್ಮ ಹರಿದು ಹೊರಬರುತ್ತದೆ. ಅಲುಗಾಡಲು ಜಾಗವಿಲ್ಲದ ಕತ್ತಲ ಡಬ್ಬವೇ ಸದ್ಯಕ್ಕೆ ಪಟ್ಟಿ.

ಅಡುಗೆಮನೆಯ ಮದ್ದು, ಮನೆಯ ಮಾತ್ರೆ

ಅರಿಶಿನ, ತುಪ್ಪ, ಕೊಬ್ಬರಿ ಎಣ್ಣೆ. ಮನುಷ್ಯರ ತರಚು ಗಾಯಕ್ಕೆ ಅಜ್ಜಿಯರು ಹಚ್ಚುತ್ತಿದ್ದುದನ್ನೇ ಹಕ್ಕಿಗೂ ಹಚ್ಚುತ್ತೇವೆ. ಎಣ್ಣೆಯ ಯಾವುದೇ ಮುಲಾಮು ಪುಕ್ಕಕ್ಕೆ ಅಂಟಿದರೆ ಪುಕ್ಕದ ಎಳೆಗಳು ಕೂಡಿಕೊಂಡು ನೀರು, ಚಳಿ ಎರಡನ್ನೂ ತಡೆಯುವ ಶಕ್ತಿ ಹೋಗುತ್ತದೆ. ನೋವಿನ ಸ್ಪ್ರೇ, ಜೆಲ್, ಮಾತ್ರೆಗಳಂತೂ ದೂರವಿರಲಿ. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಕೊಟ್ಟ ದನಗಳ ಕಳೇಬರ ತಿಂದೇ ಭಾರತದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು ಸಂಖ್ಯೆ ಕುಸಿದದ್ದು, 2006ರಲ್ಲಿ ಜಾನುವಾರುಗಳಿಗೆ ಆ ಮದ್ದನ್ನು ನಿಷೇಧಿಸಿದ್ದು.

ಮಗುವಿಗೆ ತಂದ ಆಂಟಿಬಯೋಟಿಕ್ ಸಿರಪ್ ಮನೆಯಲ್ಲಿ ಉಳಿದಿದೆಯಲ್ಲ ಎನ್ನುವ ಆಸೆಯೂ ಬರುತ್ತದೆ. 25 ಗ್ರಾಂ ಜೀವಕ್ಕೆ ಪ್ರಮಾಣ ಲೆಕ್ಕಹಾಕುವುದು ಹನಿಯ ಭಾಗದಲ್ಲಿ. ಬಾಟಲಿಯಿಂದ ಬಾಟಲಿಗೆ ಸಾಂದ್ರತೆ ಬೇರೆ, ಕಲಸಿಟ್ಟ ಸಿರಪ್ ಸಾಮಾನ್ಯವಾಗಿ ವಾರ ದಾಟಿದರೆ ಕೆಲಸಕ್ಕೆ ಬಾರದು. ಕೋಳಿ ಔಷಧದ ಅಂಗಡಿಯಲ್ಲಿ ಸಿಗುವ, ನೀರಿಗೆ ಬೆರೆಸುವ ಪುಡಿಯಿಂದಲೂ ಪ್ರಯೋಜನವಿಲ್ಲ. ಆಘಾತದಲ್ಲಿರುವ ಹಕ್ಕಿ ನೀರೇ ಮುಟ್ಟುವುದಿಲ್ಲ.

ನೀರು ಕುಡಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಪ್ರಾಣ ಹೋಗುವಾಗ ಬಾಯಿಗೆ ನೀರು ಬಿಡುವ ಸಂಸ್ಕಾರ ನಮ್ಮದು, ಕೈ ತಾನಾಗಿ ಅತ್ತ ಹೋಗುತ್ತದೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಕೊಕ್ಕು ಬಿಡಿಸಿ ಹನಿಸಿದ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಹಾಲನ್ನು ಹಕ್ಕಿ ಅರಗಿಸಿಕೊಳ್ಳಲಾರದು. ಅನ್ನ, ಬ್ರೆಡ್, ಬಿಸ್ಕತ್ತು ಕೂಡ ಬೇಡ. ತಣ್ಣಗಾದ ದೇಹದಲ್ಲಿ ಜೀರ್ಣಕ್ರಿಯೆ ನಿಂತಿರುತ್ತದೆ. ಮೊದಲು ಕಾವು, ಆಮೇಲೆ ವೈದ್ಯರು ಹೇಳಿದಂತೆ ನೀರಿನಂಶ, ಕೊನೆಗೆ ಆಹಾರ. ಈ ಕ್ರಮ ತಪ್ಪಬಾರದು.

ಯಾರಿಗೆ ಒಯ್ಯಬೇಕು

ಡಬ್ಬ ಮುಚ್ಚಿದ ಕೂಡಲೇ ಫೋನು ಹಿಡಿಯಿರಿ. ಮೊದಲ ವಾಕ್ಯವೇ ‘ಬೆಕ್ಕು ಹಿಡಿದ ಹಕ್ಕಿ ಇದೆ’ ಎಂದಾಗಿರಲಿ, ಆಮೇಲೆ ಯಾವ ಹಕ್ಕಿ, ಎಷ್ಟು ಹೊತ್ತಾಯಿತು ಎನ್ನುವುದು. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನಲ್ಲಿ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಮತ್ತು ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಷನ್ ಸೆಂಟರ್ ಹಕ್ಕಿಗಳಿಗೆ ಚಿಕಿತ್ಸೆ ಕೊಡುತ್ತವೆ. ಮೈಸೂರಿನಲ್ಲೂ ಪೀಪಲ್ ಫಾರ್ ಅನಿಮಲ್ಸ್ ಇದೆ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಇವ್ಯಾವುವೂ ಹತ್ತಿರವಿಲ್ಲದ ಊರಿನಲ್ಲಿ ತಾಲ್ಲೂಕು ಪಶು ಆಸ್ಪತ್ರೆಯೇ ಗತಿ. ಅಲ್ಲಿನ ವೈದ್ಯರ ದಿನ ಕಳೆಯುವುದು ಹಸು, ಎಮ್ಮೆ, ಕುರಿಗಳೊಂದಿಗೆ, ಗುಬ್ಬಿಯನ್ನು ಕಂಡು ನಗಲೂಬಹುದು. ಬೇಸರಪಡದೆ, ಹಕ್ಕಿಯ ತೂಕವನ್ನು ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಸಮೇತ ನೋಡಿ, ಆಮೇಲೆ ಡಬ್ಬದ ತೂಕ ಕಳೆದು ಬರೆದುಕೊಂಡು ಹೋಗಿ. ತೂಕ ಗೊತ್ತಿದ್ದರೆ ಮದ್ದಿನ ಲೆಕ್ಕ ಅವರಿಗೆ ಕಷ್ಟವಲ್ಲ.

ಒಯ್ಯುವಾಗ ಬೈಕಿನ ಹ್ಯಾಂಡಲ್‌ಗೆ ತೂಗುಹಾಕಬೇಡಿ, ಹಿಂದೆ ಕೂತವರ ಮಡಿಲಲ್ಲಿರಲಿ. ಕಾರಿನಲ್ಲಿ ಎಸಿ ಗಾಳಿ ಡಬ್ಬಕ್ಕೆ ನೇರ ಬೀಳದಿರಲಿ, ಹಾಡು ಬೇಡ.

ಕಾಯ್ದೆಯ ಮಾತು ಒಂದಿಷ್ಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಕಾಡುಪ್ರಾಣಿ ಸರ್ಕಾರದ ಸೊತ್ತು. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಆಸ್ಪತ್ರೆಗೆ ಒಯ್ಯಲು ಹೆದರಬೇಕಿಲ್ಲ. ಆದರೆ ವಾಸಿಯಾದ ಗಿಳಿಯನ್ನು ‘ನಮ್ಮಲ್ಲೇ ಹೊಂದಿಕೊಂಡಿದೆ’ ಎಂದು ಪಂಜರದಲ್ಲಿ ಇಟ್ಟುಕೊಂಡರೆ ಅದು ಅಪರಾಧ.

ರಾತ್ರಿ ಸಿಕ್ಕರೆ

ಹಗಲಿನ ಹಕ್ಕಿಗಳು ರಾತ್ರಿ ಹೇಗೂ ತಿನ್ನುವುದಿಲ್ಲ. ಸಂಜೆ ಸಿಕ್ಕ ಹಕ್ಕಿಗೆ, ವೈದ್ಯರು ಸಿಗದಿದ್ದರೆ, ಬೆಳಗಿನವರೆಗೆ ಕತ್ತಲು ಮತ್ತು ಕಾವು ಸಾಕು. ಬಾಟಲಿ ಬದಲಿಸಲು ಅಲಾರಂ ಇಟ್ಟುಕೊಳ್ಳಿ. ರಾತ್ರಿ ತೆರೆದಿರುವ ಕ್ಲಿನಿಕ್ ಇದ್ದರೆ ಆಗಲೇ ಹೊರಡಿ, ನಂಜು ಬೆಳಗಿನವರೆಗೆ ಕಾಯುವುದಿಲ್ಲ.

ಹಗಲಲ್ಲಿ ವೈದ್ಯರು ಸಿಗುವುದು ನಾಲ್ಕೈದು ಗಂಟೆಗೂ ಮೀರಿ ತಡವಾಗುವುದಾದರೆ, ಹಕ್ಕಿ ಬೆಚ್ಚಗಾಗಿ, ಕಾಲ ಮೇಲೆ ನಿಂತು, ಕಣ್ಣು ಅರಳಿಸಿದ್ದರೆ ಮಾತ್ರ ಬಾಟಲಿಯ ಮುಚ್ಚಳದಲ್ಲಿ ನೀರಿಟ್ಟು, ಸ್ವಲ್ಪ ಬೆಳಕು ಬಿಟ್ಟು, ತಾನಾಗಿ ಕುಡಿಯಲು ಬಿಡಿ. ತಿನಿಸು ಕೊಕ್ಕು ನೋಡಿ ಇಡಿ: ಗುಬ್ಬಿಯ ಮೋಟು ಕೊಕ್ಕಿಗೆ ನವಣೆ ಅಥವಾ ಅಕ್ಕಿನುಚ್ಚು, ಬೆಳವ ಪಾರಿವಾಳಗಳಿಗೆ ಜೋಳ, ಹೆಸರುಕಾಳು, ಪಿಕಳಾರ ಕುಟ್ರುಹಕ್ಕಿಗಳಿಗೆ ಬಾಳೆ ಅಥವಾ ಪಪ್ಪಾಯಿಯ ಚೂರು. ಮಡಿವಾಳ, ನವರಂಗದಂಥ ಹುಳ ತಿನ್ನುವವಕ್ಕೆ ನೀರಲ್ಲಿ ಮೆತ್ತಗಾದ ಬೆಕ್ಕಿನ ಒಣತಿಂಡಿಯೇ ತಾತ್ಕಾಲಿಕ ದಾರಿ, ವಿಚಿತ್ರವೆನಿಸಿದರೂ ಅದರಲ್ಲಿ ಮಾಂಸದ ಪ್ರೋಟೀನ್ ಇದೆ. ಹೂವಿನ ಮಕರಂದ ಹೀರುವ ಸೂರಕ್ಕಿಯ ಲೆಕ್ಕವೇ ಬೇರೆ, ಅದು ಹಸಿವನ್ನು ಹೆಚ್ಚು ಹೊತ್ತು ತಾಳಲಾರದು. ಒಂದು ಪಾಲು ಸಕ್ಕರೆಯನ್ನು ನಾಲ್ಕು ಪಾಲು ನೀರಿನಲ್ಲಿ ಕರಗಿಸಿ, ಹನಿಯನ್ನು ಕೊಕ್ಕಿನ ತುದಿಗೆ ತೋರಿಸಿ, ತಾನೇ ನಾಲಿಗೆ ಚಾಚಿ ಹೀರಲಿ. ಜೇನು, ಬೆಲ್ಲ ಬೇಡ.

ಮರಿಯಾಗಿದ್ದರೆ

ಮೈತುಂಬ ಪುಕ್ಕ, ಮೋಟುಬಾಲ, ನೆಲದಲ್ಲಿ ಕುಪ್ಪಳಿಸುವ ಮರಿ ಹಾರಲು ಕಲಿಯುತ್ತಿರುವುದು. ಬೆಕ್ಕು ಮುಟ್ಟದಿದ್ದರೆ ಅದನ್ನು ಹತ್ತಿರದ ಗಿಡದ ಮೇಲೆ ಕೂರಿಸಿ ಹೋಗಬಹುದು, ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಎನ್ನುವುದು ಸುಳ್ಳು. ಬೆಕ್ಕು ಬಾಯಿ ಹಾಕಿದ್ದರೆ ಈ ಸಲಹೆ ಸಲ್ಲದು, ಮರಿಯೂ ಆಸ್ಪತ್ರೆಗೇ ಹೋಗಬೇಕು. ಪುಕ್ಕ ಬಾರದ ಬೋಳು ಮರಿಗೆ 32ರಿಂದ 35 ಡಿಗ್ರಿ ಕಾವು ಬೇಕು. ಹಗಲಲ್ಲಿ ಅರ್ಧ ಗಂಟೆಗೊಮ್ಮೆ ತಿನಿಸಬೇಕಾದ ಜೀವ ಅದು, ಮನೆಯಲ್ಲಿ ಸಾಕುವ ಹುಂಬತನ ಬೇಡ. ಗೂಡು ಎಲ್ಲಿತ್ತು ಎಂದು ನೋಡಿಟ್ಟುಕೊಳ್ಳಿ.

ಚಿಕಿತ್ಸೆಯ ನಂತರ

ವೈದ್ಯರು ಪುಕ್ಕ ಸರಿಸಿ ತೂತು ಹುಡುಕುತ್ತಾರೆ, ಆಂಟಿಬಯೋಟಿಕ್ ಕೊಡುತ್ತಾರೆ, ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಮ್ಲ. ಬೆಚ್ಚಗಿನ ದ್ರವವನ್ನು ಚರ್ಮದಡಿ ಏರಿಸಬಹುದು. ಬೆನ್ನುಮೂಳೆ ಮುರಿದಿದ್ದರೆ, ಕೀಲಿನಲ್ಲೇ ರೆಕ್ಕೆ ಚೂರಾಗಿದ್ದರೆ ದಯಾಮರಣವನ್ನು ಸೂಚಿಸಬಹುದು. ಆಗ ಹಟ ಹಿಡಿಯುವುದು ಹಕ್ಕಿಯ ಸಂಕಟವನ್ನು ಉದ್ದ ಮಾಡಿದಂತೆ.

ಮದ್ದು ಕೊಟ್ಟು ಮನೆಗೇ ಕಳಿಸಿದರೆ ಹಾಕುವ ಕ್ರಮವನ್ನು ಅವರ ಎದುರೇ ಒಮ್ಮೆ ಮಾಡಿ ತೋರಿಸಿ. ಸೂಜಿ ತೆಗೆದ 1 ಮಿಲಿ ಸಿರಿಂಜ್, ಕೊಕ್ಕಿನ ಎಡಮೂಲೆಯಿಂದ ಗಂಟಲಿನ ಬಲಬದಿಗೆ, ಒಂದೊಂದೇ ಹನಿ, ನುಂಗಿದ ಮೇಲೆ ಮುಂದಿನದು. ದಿನಕ್ಕೆರಡು ಸಲ ಎಂದರೆ 12 ಗಂಟೆಯ ಅಂತರ. ಮೂರನೇ ದಿನ ಚುರುಕಾಯಿತೆಂದು ಮದ್ದು ನಿಲ್ಲಿಸಬೇಡಿ, ನಂಜು ಮರುಕಳಿಸುವುದು ಆಗಲೇ. ಪ್ರತಿದಿನ ಬೆಳಗ್ಗೆ ತಿನ್ನುವ ಮೊದಲು ತೂಕ ನೋಡಿ. ಹತ್ತರಲ್ಲೊಂದು ಭಾಗ ಇಳಿದರೆ ಫೋನ್ ಮಾಡಿ. ಹಿಕ್ಕೆಯೇ ಇಲ್ಲದಿದ್ದರೆ ಹಕ್ಕಿ ತಿಂದಿಲ್ಲ, ಸಿಪ್ಪೆ ಉದುರಿಸಿ ಆಟವಾಡಿದೆ ಅಷ್ಟೆ.

ಬಿಡುವುದು ಸಿಕ್ಕ ಜಾಗದಲ್ಲೇ, ಮಳೆಯಿಲ್ಲದ ಮುಂಜಾನೆ. ಡಬ್ಬದ ಮೇಲಿನ ಚೀಟಿ ಈಗ ಎರಡನೇ ಸಲ ಬೇಕಾಯಿತು. ಅದಕ್ಕೆ ಮೊದಲು ಮುಚ್ಚಿದ ಕೋಣೆಯಲ್ಲಿ, ಫ್ಯಾನ್ ನಿಲ್ಲಿಸಿ, ಕನ್ನಡಿ ಕಿಟಕಿಗಳಿಗೆ ಪರದೆ ಎಳೆದು, ನೆಲದಿಂದ ಕಪಾಟಿನ ಎತ್ತರಕ್ಕೆ ಹಾರಿ ಕೂರುತ್ತದೆಯೇ, ಎರಡು ರೆಕ್ಕೆಯೂ ಸಮನಾಗಿ ಆಡುತ್ತವೆಯೇ ನೋಡಿ. ಗಾಳಿಗೆ ಎಸೆಯಬೇಡಿ. ಡಬ್ಬವನ್ನು ಗಿಡದ ಬಳಿ ಎತ್ತರದಲ್ಲಿ ತೆರೆದಿಟ್ಟು ಹಿಂದೆ ಸರಿಯಿರಿ. ಆ ದಿನ, ಮರುದಿನ ಬೆಕ್ಕು ಮನೆಯೊಳಗೇ ಇರಲಿ. ಮಾರ್ಚಿನಿಂದ ಜೂನ್‌ವರೆಗೆ ಮರಿಗಳು ನೆಲಕ್ಕಿಳಿಯುವ ಕಾಲದಲ್ಲಂತೂ ಬೆಳಗಿನ ಹೊತ್ತು ಬೆಕ್ಕನ್ನು ಹೊರಗೆ ಬಿಡದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಕಾಳು, ನೀರು ಇಡುವ ತಟ್ಟೆ ಪೊದೆಯಿಂದ ಎರಡು ಮೂರು ಮೀಟರ್ ದೂರವಿರಲಿ, ಹೊಂಚುಹಾಕಲು ಮರೆ ಸಿಗಬಾರದು.

ಇಷ್ಟೆಲ್ಲ ಮಾಡಿಯೂ ಹಕ್ಕಿ ಸತ್ತರೆ ಕಾಲು ನೋಡಿ. ‘ಇನ್‌ಫಾರ್ಮ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ’ ಎಂದು ಇಂಗ್ಲಿಷಿನಲ್ಲಿ ಕೆತ್ತಿದ ಲೋಹದ ಬಳೆ ಇದ್ದರೆ ಸಂಖ್ಯೆ, ಸಿಕ್ಕ ಜಾಗ, ದಿನಾಂಕವನ್ನು ಮುಂಬಯಿಯ ಆ ಸಂಸ್ಥೆಗೆ ತಿಳಿಸಿ, ವಲಸೆಯ ದಾರಿ ತಿಳಿಯಲು ಇಂಥ ಬಳೆಗಳು ನೆರವಾಗುತ್ತವೆ. ಬಳಿಕ ನಾಯಿ ಬೆಕ್ಕು ಕೆದಕದಷ್ಟು ಆಳದಲ್ಲಿ, ಎರಡಡಿ ಗುಂಡಿ ತೆಗೆದು ಹೂಳಿ. ಡಬ್ಬ, ಬಟ್ಟೆಗಳನ್ನು ಇನ್ನೊಂದು ಹಕ್ಕಿಗೆ ಬಳಸದೆ ಬಿಸಾಡಿ, ಕೈಯನ್ನು ಸೋಪಿನಿಂದ ತೊಳೆಯಿರಿ.